ಕನ್ನಡಕ್ಕೆ ರಾಜಧನ ಎಲ್ಲಿ?

(ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತಿನ ಬರಹ ರೂಪ)

ಮೈಕ್ ಮುಂದೆ ನಿಂತು ಅಭ್ಯಾಸ ಇಲ್ಲದವನು ನಾನು. ಓದಿದ್ದು ಪಿಯುಸಿ. ಕಲಿತದ್ದೆಲ್ಲಾ ಅಚ್ಚುಮೊಳೆ ಜೋಡಿಸುವವರ ಪಕ್ಕ ನಿಂತು. ಮದುವೆ ಕರೆಯೋಲೆ, ಬಿಲ್ ಪುಸ್ತಕ, ಸಹಕಾರ ಸಂಘಗಳ ವಾರ್ಷಿಕ ವರದಿ, ನವೆಂಬರ್ ಬಂತೆಂದರೆ ನಿಮ್ಮ ಸಂಘಗಳ ಪೋಸ್ಟರು. ಇದೇ ನನ್ನ ಪ್ರಪಂಚ. ಇಂಥವನನ್ನು ಕರೆದು ಎಐ ಬಗ್ಗೆ, ಬಂಡವಾಳದ ಬಗ್ಗೆ ಮಾತಾಡು ಅಂದಿದ್ದೀರಿ. ಇವನಿಗೇನು ಗೊತ್ತು ಅಂತ ಹಿಂದಿನ ಸಾಲಿನವರು ಪಿಸುಗುಡುತ್ತಿರುವುದು ಕೇಳಿಸುತ್ತಿದೆ. ಒಂದು ವಿಷಯ ಗೊತ್ತು ಸ್ವಾಮಿ. ಹೊಸ ಯಂತ್ರ ಬಂದಾಗ ಯಾರು ಉಳಿಯುತ್ತಾರೆ, ಯಾರು ಬೀದಿಗೆ ಬೀಳುತ್ತಾರೆ ಅನ್ನೋದನ್ನು ನಮ್ಮ ಪ್ರೆಸ್ಸಿನೊಳಗೇ ಒಂದು ಸಲ ಕಣ್ಣಾರೆ ನೋಡಿದ್ದೇನೆ.

ಅಪ್ಪನ ಕಾಲದಲ್ಲಿ ನಮ್ಮಲ್ಲೊಬ್ಬ ಕಂಪೋಸಿಟರ್ ಇದ್ದರು. ಕನ್ನಡದ ಅಚ್ಚುಮೊಳೆ ಎಂದರೆ ಇಂಗ್ಲಿಷಿನ ಹಾಗೆ 26 ಅಕ್ಷರದ ಆಟ ಅಲ್ಲ. ಕಾಗುಣಿತಕ್ಕೊಂದು ಗೂಡು, ಒತ್ತಕ್ಷರಕ್ಕೊಂದು ಗೂಡು, ಗೋಡೆ ತುಂಬಾ ಗೂಡು. ಅವರು ಅಕ್ಷರ ನೋಡುತ್ತಲೇ ಇರಲಿಲ್ಲ. ಕಣ್ಣು ಹಸ್ತಪ್ರತಿಯ ಮೇಲೆ, ಕೈ ಗೂಡಿನೊಳಗೆ. ಲೇಖಕರು ತಪ್ಪು ಬರೆದಿದ್ದರೆ ಅವರ ಬೆರಳೇ ತಿದ್ದುತ್ತಿತ್ತು. ತೊಂಬತ್ತರ ದಶಕದ ನಡುವೆ ಅಪ್ಪ ಸಾಲ ಮಾಡಿ ಕಂಪ್ಯೂಟರ್ ತಂದರು. ಕಂಪೋಸಿಟರಿಗೂ ಕೂತು ಕಲೀರಿ ಅಂದರು. ಅವರು ಎರಡು ದಿನ ಕೂತರು, ಮೂರನೇ ದಿನ ಬರಲಿಲ್ಲ. ಆಮೇಲೆ ಯಾವುದೋ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲು ಕೂತಿದ್ದನ್ನು ನಾನೇ ನೋಡಿದೆ. ಸೀಸದ ಮೊಳೆಗಳನ್ನು ಕೆಜಿ ಲೆಕ್ಕದಲ್ಲಿ ಗುಜರಿಗೆ ಮಾರಿದೆವು. ನನಗೆ ಆಗ ಹದಿನೈದು ಹದಿನಾರು ವರ್ಷ. ಕಂಪ್ಯೂಟರ್ ಬಂತು ಅಂತ ಕುಣಿದಾಡಿದ್ದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅವರ ಬಗ್ಗೆ ಅವತ್ತು ಯೋಚನೆಯೇ ಬರಲಿಲ್ಲ.

ಈಗ ಬಂದಿರುವ ಯಂತ್ರ ಅದಕ್ಕಿಂತ ದೊಡ್ಡದು. ಕೃತಕ ಬುದ್ಧಿಮತ್ತೆ ಅನ್ನುತ್ತಾರೆ. ನಾನು ಎಐ ಅಂತಲೇ ಹೇಳುತ್ತೇನೆ, ನೀವೂ ಹಾಗೇ ಹೇಳೋದು. ಈ ಸಲ ಕಂಪೋಸಿಟರ್ ಜಾಗದಲ್ಲಿ ಕೂತಿರುವವರು ನೀವು. ಕಾಲ್ ಸೆಂಟರ್, ಡೇಟಾ ಎಂಟ್ರಿ, ಅನುವಾದ, ಸಣ್ಣಪುಟ್ಟ ಕೋಡಿಂಗ್. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12 ಸಾವಿರ ಜನರನ್ನು ಮನೆಗೆ ಕಳಿಸುವುದಾಗಿ ಹೇಳಿತು. ಇದಕ್ಕೆ ಎಐ ಕಾರಣವಲ್ಲ ಅಂತಲೂ ಹೇಳಿತು. ಇರಲಿ, ನಂಬೋಣ. ಆದರೆ ಹೆದರಿಕೆ ಹುಟ್ಟಿದ್ದಂತೂ ನಿಜ ತಾನೆ?

ಇಲ್ಲಿಗೆ ಬರುವ ಮೊದಲು ನಿಮ್ಮಲ್ಲೊಬ್ಬ ಗೆಳೆಯ ನನ್ನನ್ನು ಕೇಳಿದ: "ಅಣ್ಣಾ, ಗೂಗಲ್‌ನವರು ಬೆಂಗಳೂರು ಬಿಟ್ಟು ವಿಶಾಖಪಟ್ಟಣಕ್ಕೆ ಯಾಕೆ ಹೋದರು? ನಮಗೆ ಅವಮಾನ ಅಲ್ವಾ?" 2025ರ ಅಕ್ಟೋಬರಿನ ಸುದ್ದಿ ಅದು. ಐದು ವರ್ಷದಲ್ಲಿ 1,500 ಕೋಟಿ ಡಾಲರ್ ಹಾಕಿ ಅಲ್ಲಿ ಎಐಗಾಗಿ ದೊಡ್ಡ ಡೇಟಾ ಸೆಂಟರ್ ಕಟ್ಟುತ್ತೇವೆ ಅಂತ ಗೂಗಲ್ ಪ್ರಕಟಿಸಿತು. ಒಂದು ಗಿಗಾವಾಟ್ ಸಾಮರ್ಥ್ಯ. ಅದು ಎಷ್ಟು ಗೊತ್ತಾ? ಸಾವಿರ ಮೆಗಾವಾಟ್. ನಮ್ಮ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಎಂಟೂ ಘಟಕ ಸೇರಿದರೆ 1,720 ಮೆಗಾವಾಟ್. ಅಂದರೆ ರಾಯಚೂರಿನ ಅರ್ಧಕ್ಕಿಂತ ಹೆಚ್ಚು ಕರೆಂಟು ಒಂದೇ ಯೋಜನೆಯ ಹೊಟ್ಟೆಗೆ!

ಡೇಟಾ ಸೆಂಟರ್ ಅಂದರೆ ಏನು? ಸಾಲು ಸಾಲು ಬೀರುಗಳಲ್ಲಿ ಕಂಪ್ಯೂಟರ್ ತುಂಬಿದ ದೊಡ್ಡ ಗೋದಾಮು. ಹಗಲೂ ರಾತ್ರಿ ಬಿಸಿಯಾಗುತ್ತವೆ, ಹಗಲೂ ರಾತ್ರಿ ತಣ್ಣಗೆ ಮಾಡಬೇಕು. ಅದಕ್ಕೆ ಕರೆಂಟು, ಬಹಳ ಕಡೆ ನೀರು. ಕಟ್ಟುವಾಗ ಸಾವಿರಾರು ಜನ ಬೇಕು. ಕಟ್ಟಿ ಮುಗಿದ ಮೇಲೆ ಒಂದಿಷ್ಟು ಎಂಜಿನಿಯರು, ಒಂದಿಷ್ಟು ಎಲೆಕ್ಟ್ರಿಷಿಯನ್ನು, ಗೇಟಿಗೆ ಕಾವಲುಗಾರ. ಅದೇ ದುಡ್ಡಿಗೆ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿ ಹಾಕಿದರೆ ಎಷ್ಟು ಹೆಣ್ಣುಮಕ್ಕಳಿಗೆ ಕೆಲಸ ಸಿಗುತ್ತಿತ್ತು ಅಂತ ನೀವೇ ಲೆಕ್ಕ ಹಾಕಿ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಬತ್ತಿ ಹೋಗಿದ್ದವು. ಟ್ಯಾಂಕರ್ ಹಿಂದೆ ಬಕೆಟ್ ಹಿಡಿದು ಓಡಿದವರು ಈ ಸಭೆಯಲ್ಲೇ ಇದ್ದೀರಿ. ಹಾಗಾಗಿ ವಿಶಾಖಪಟ್ಟಣಕ್ಕೆ ಹೋಯಿತು ಅಂತ ನಾನು ಅಳುವುದಿಲ್ಲ. ತೆಲುಗರಿಗೆ ಒಳ್ಳೆಯದಾಗಲಿ. ಅದು ಇಲ್ಲಿಗೇ ಬಂದಿದ್ದರೂ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ. ರಾಜಧನ ಎಷ್ಟು?

ರಾಜಧನ. ಹಳೇ ಮಾತು. ನಿಮಗೆ ರಾಯಲ್ಟಿ ಅಂದರೆ ಬೇಗ ತಿಳಿಯುತ್ತದೆ. ಈ ಮಾತು ಯಾಕೆ ತಂದೆ ಅಂದರೆ, ನಮ್ಮ ನಾಡು ಇದೇ ಆಟವನ್ನು ನೂರಿಪ್ಪತ್ತು ವರ್ಷದ ಹಿಂದೆಯೇ ಆಡಿದೆ.

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದರು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ. ಆ ಕರೆಂಟು ಮೊದಲು ಎಲ್ಲಿಗೆ ಹೋಯಿತು? ಮೈಸೂರಿಗಲ್ಲ, ಬೆಂಗಳೂರಿಗಲ್ಲ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬರಲು 1905 ಆಗಬೇಕಾಯಿತು. ಗಣಿ ನಡೆಸುತ್ತಿದ್ದದ್ದು ಜಾನ್ ಟೇಲರ್ ಎಂಬ ಇಂಗ್ಲಿಷರ ಕಂಪನಿ. ನಮ್ಮ ನದಿ, ನಮ್ಮ ನೆಲ, ಅವರ ಬಂಡವಾಳ. ಚಿನ್ನ ಹಡಗು ಹತ್ತಿತು.

ಇಷ್ಟೇ ಹೇಳಿ ಬಿಟ್ಟರೆ ನೀವು ಚಪ್ಪಾಳೆ ಹೊಡೆಯುತ್ತೀರಿ. ಆದರೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ಮೈಸೂರು ಸಂಸ್ಥಾನ ಸುಮ್ಮನೆ ಕೊಡಲಿಲ್ಲ. ತೆಗೆದ ಚಿನ್ನಕ್ಕೆ ರಾಜಧನ ವಸೂಲಿ ಮಾಡಿತು, ಕೊಟ್ಟ ಕರೆಂಟಿಗೆ ದುಡ್ಡು ವಸೂಲಿ ಮಾಡಿತು. ಹಾಗೆ ಬೊಕ್ಕಸ ತುಂಬಿಸಿಕೊಂಡ ಸಂಸ್ಥಾನವೇ ಮುಂದೆ ಸೋಪಿನ ಕಾರ್ಖಾನೆ ಕಟ್ಟಿತು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕಟ್ಟಿತು, ಮೈಸೂರಿನಲ್ಲಿ ವಿಶ್ವವಿದ್ಯಾಲಯ ಕಟ್ಟಿತು. ಬಂಡವಾಳ ಹೊರಗಿನದಾದರೂ ನಾಡಿನ ಪಾಲನ್ನು ಕೇಳಿ ಪಡೆದರು. ಇಷ್ಟಾಗಿಯೂ ಗಣಿಯ ಊರಿಗೆ ಕೊನೆಗೆ ಉಳಿದದ್ದೇನು? 2001ರ ಫೆಬ್ರುವರಿ 28ಕ್ಕೆ ಬೀಗ ಬಿತ್ತು. ಇವತ್ತು ಹೋಗಿ ನೋಡಿ, ಸೈನೈಡ್ ದಿಬ್ಬಗಳು ನಿಂತಿವೆ. ಗಾಳಿ ಬೀಸಿದರೆ ಮನೆಯೊಳಗೆಲ್ಲಾ ಧೂಳು.

ಈಗ ನಮ್ಮ ಕಾಲಕ್ಕೆ ಬನ್ನಿ. 2025ರ ಫೆಬ್ರುವರಿಯಲ್ಲಿ ಅರಮನೆ ಮೈದಾನದಲ್ಲಿ ನಡೆದ ಬಂಡವಾಳ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿ ಬರುತ್ತದೆ ಅಂತ ಸರ್ಕಾರ ಹೇಳಿತು. ಹೆಚ್ಚಿನ ಪಾಲು ಬೆಂಗಳೂರಿನ ಹೊರಗೆ ಅಂತಲೂ ಹೇಳಿತು. ಬಂದರೆ ಸಂತೋಷ. ಒಪ್ಪಂದದ ಕಾಗದ ಎಷ್ಟು, ಕಟ್ಟಿದ ಕಾರ್ಖಾನೆ ಎಷ್ಟು ಅನ್ನುವ ಲೆಕ್ಕವನ್ನು ಮಾತ್ರ ನೀವು ಇಡಬೇಕು. ಪ್ರೆಸ್ಸಿನವನಿಗೆ ಆರ್ಡರ್ ಫಾರಂ ಬೇರೆ, ಕೈಗೆ ಬಂದ ಚೆಕ್ಕು ಬೇರೆ. 2002ರಲ್ಲಿ ನಂಜುಂಡಪ್ಪ ಸಮಿತಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಬರೆದುಕೊಟ್ಟಿತು. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಇವತ್ತಿಗೂ ಬೆಂಗಳೂರು ಒಂದರದ್ದೇ.

ಉದ್ಯೋಗದ ಕಥೆ ನಿಮಗೆ ಬಾಯಿಪಾಠ. 1983ರಲ್ಲಿ ಸರೋಜಿನಿ ಮಹಿಷಿ ಸಮಿತಿ. 58 ಶಿಫಾರಸು. ನಲವತ್ತು ವರ್ಷ ಅದನ್ನು ಹಿಡಿದು ಕೂಗಿದೆವು. ನಿಮ್ಮ ಪೋಸ್ಟರುಗಳನ್ನು ಅಚ್ಚು ಹಾಕಿದವನು ನಾನೇ. 2024ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿತು, ಕಂಪನಿಗಳು ಗುಡುಗಿದವು, ಎರಡೇ ದಿನಕ್ಕೆ ಮಸೂದೆ ಕಪಾಟು ಸೇರಿತು. ಆ ಹೋರಾಟ ಬಿಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಎಐ ಕಾಲದಲ್ಲಿ ಕೆಲಸದ ಕುರ್ಚಿಯೇ ಮಾಯವಾಗುತ್ತಿರುವಾಗ ಕುರ್ಚಿಯಲ್ಲಿ ಇಷ್ಟು ಪಾಲು ಕೊಡಿ ಎಂದಷ್ಟೇ ಕೇಳಿದರೆ ಸಾಲದು. ಗಣಿಯಲ್ಲಿ ಪಾಲು ಕೇಳಬೇಕು.

ಗಣಿ ಯಾವುದು? ಕನ್ನಡವೇ ಗಣಿ ಕಣ್ರೀ.

ಈ ಯಂತ್ರ ತಿನ್ನುವುದು ಮನುಷ್ಯರು ಬರೆದದ್ದನ್ನು, ಮಾತಾಡಿದ್ದನ್ನು. ಇಂಗ್ಲಿಷ್ ಬೆಟ್ಟದಷ್ಟು ತಿಂದಿದೆ, ಕನ್ನಡ ಒಂದು ಹಿಡಿ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂತ ಬರೆಸಿದವರು 4 ಕೋಟಿ 37 ಲಕ್ಷ ಜನ. ಆದರೆ ಕನ್ನಡ ವಿಕಿಪೀಡಿಯದಲ್ಲಿರುವ ಲೇಖನ ಮೂವತ್ತು ಸಾವಿರ ಚಿಲ್ಲರೆ. ತೆಲುಗಿನಲ್ಲಿ ಲಕ್ಷ ದಾಟಿದೆ, ತಮಿಳಿನಲ್ಲಿ ಅದಕ್ಕೂ ಹೆಚ್ಚು. ಇದಕ್ಕೆ ದೆಹಲಿಯನ್ನು ಬೈಯಲು ಆಗುವುದಿಲ್ಲ.

ಬರವಣಿಗೆ ಕಡಿಮೆ ಇದ್ದರೆ ಏನಾಗುತ್ತದೆ? ನೇರ ನಿಮ್ಮ ಜೇಬಿಗೆ ಕತ್ತರಿ. ಎಐ ಯಂತ್ರ ಪಠ್ಯವನ್ನು ಚೂರು ಚೂರು ಮಾಡಿ ಓದುತ್ತದೆ. ಅದಕ್ಕೆ ಟೋಕನ್ ಅನ್ನುತ್ತಾರೆ. ಯಂತ್ರವನ್ನು ಬಾಡಿಗೆಗೆ ಕೊಡುವ ಕಂಪನಿಗಳು ಬಿಲ್ ಹಾಕುವುದು ಈ ಚೂರಿನ ಲೆಕ್ಕದಲ್ಲಿ. ನನ್ನ ಪ್ರೆಸ್ಸಿನಲ್ಲಿ ಪುಟದ ಲೆಕ್ಕ ಇದ್ದ ಹಾಗೆ. ಹೆಚ್ಚು ಓದಿ ಬಲ್ಲ ಭಾಷೆಯ ಪದವನ್ನು ಇಡಿಯಾಗಿ ಒಂದೇ ಚೂರು ಮಾಡಿಕೊಳ್ಳುತ್ತದೆ. ಗೊತ್ತಿಲ್ಲದ ಭಾಷೆಯನ್ನು ಪುಡಿಪುಡಿ ಮಾಡುತ್ತದೆ. ಅದರ ಮೇಲೆ ಇನ್ನೊಂದು ಪೆಟ್ಟು. ಕಂಪ್ಯೂಟರಿನೊಳಗೆ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್ ಬೇಕು. 'ಕನ್ನಡ' ಅಂತ ಬರೆದರೆ ಕ, ನ, ಒತ್ತಿನ ಗುರುತು, ಮತ್ತೆ ನ, ಡ. ಐದು ಮೂರಲೆ ಹದಿನೈದು. ಅದನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಏಳು! ನಮ್ಮ ಭಾಷೆಯ ಹೆಸರನ್ನು ನಮ್ಮ ಲಿಪಿಯಲ್ಲಿ ಬರೆಯುವುದೇ ದುಬಾರಿ.

ಯಂತ್ರಕ್ಕೆ ಹೆಚ್ಚು ಕನ್ನಡ ಓದಿಸಿದರೆ ಈ ದುಬಾರಿ ಇಳಿಯುತ್ತದೆ. 2024ರ ಮೇ ತಿಂಗಳಲ್ಲಿ ಓಪನ್‌ಎಐ ಕಂಪನಿ ತನ್ನ ಹೊಸ ಮಾದರಿಯಲ್ಲಿ ಯಾವ ಯಾವ ಭಾಷೆಯ ಚೂರು ಎಷ್ಟು ಇಳಿದಿದೆ ಅಂತ 20 ಭಾಷೆಗಳ ಪಟ್ಟಿ ತೋರಿಸಿತು. ಗುಜರಾತಿ ಇದೆ, ತೆಲುಗು ಇದೆ, ತಮಿಳು, ಮರಾಠಿ, ಹಿಂದಿ, ಉರ್ದು ಎಲ್ಲಾ ಇದೆ. ಕನ್ನಡ ಇಲ್ಲ. ಕನ್ನಡಕ್ಕೆ ಏನೂ ಸುಧಾರಣೆ ಆಗಿಲ್ಲ ಅಂತ ಇದರ ಅರ್ಥವಲ್ಲ. ಆದರೆ ಅಂಗಡಿಯ ಗಾಜಿನ ಕಿಟಕಿಯಲ್ಲಿ ಇಡುವ ಸಾಮಾನಿನಲ್ಲಿ ನಾವಿರಲಿಲ್ಲ. ಐಟಿ ರಾಜಧಾನಿ ಅಂತ ಎದೆ ತಟ್ಟಿಕೊಳ್ಳುವ ಊರಿನ ಭಾಷೆಯ ಗತಿ ಇದು. ಬೆಂಗಳೂರಿನದೇ ಸರ್ವಂ ಎಂಬ ಕಂಪನಿ ಅದೇ ವರ್ಷದ ಅಕ್ಟೋಬರಿನಲ್ಲಿ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಿಗೆಂದು ಚೂರು ಕಡಿಮೆ ಮಾಡುವ ಮಾದರಿಯನ್ನು ತಂದಿತು. ಮಾಡಲು ಆಗದ ಕೆಲಸ ಅಲ್ಲ ಅಂತ ಅದರಿಂದಲೇ ಗೊತ್ತಾಯಿತಲ್ಲ.

ಇದರಿಂದ ನಾಡಿನ ಬೆಳವಣಿಗೆಗೆ ಏನು ಅಂತೀರಾ? ಹಾವೇರಿಯ ಮೆಣಸಿನಕಾಯಿ ರೈತ ತನ್ನ ಮಾತಿನಲ್ಲೇ ಫೋನಿಗೆ ರೋಗದ ಲಕ್ಷಣ ಹೇಳಿ ಔಷಧಿ ಕೇಳಬೇಕಾದರೆ, ಸಿಂಧನೂರಿನ ಅಂಗಡಿಯವನು ಲೆಕ್ಕ ಬರೆಸಬೇಕಾದರೆ ಯಂತ್ರಕ್ಕೆ ಅವರವರ ಕನ್ನಡ ಬರಬೇಕು. ಬರದಿದ್ದರೆ ಎಐ ತರುವ ಲಾಭ ಇಂಗ್ಲಿಷ್ ಬಲ್ಲ ನಾಲ್ಕು ಪಿನ್‌ಕೋಡಿನೊಳಗೇ ಸುತ್ತುತ್ತದೆ. ಮೊನ್ನೆ ಒಬ್ಬ ಗಿರಾಕಿ ಯಂತ್ರದಿಂದ ಅನುವಾದ ಮಾಡಿಸಿದ ಕರಪತ್ರ ತಂದಿದ್ದರು. ಸಾಲದ ವಿಷಯ. ಬ್ಯಾಂಕ್ ಅನ್ನುವ ಕಡೆಯಲ್ಲೆಲ್ಲಾ 'ದಡ' ಅಂತ ಇತ್ತು. ದಡದ ಖಾತೆ, ದಡದ ವ್ಯವಸ್ಥಾಪಕರು! ನಕ್ಕೆ. ಆಮೇಲೆ ಇನ್ನೂ ಎಷ್ಟು ಜನ ತಿದ್ದಿಸದೇ ಅಚ್ಚು ಹಾಕಿಸುತ್ತಾರೋ ಅನ್ನಿಸಿತು.

ರಾಜಧನ ಅನ್ನುವುದು ಬರೀ ಭಾಷಣದ ಮಾತಲ್ಲ. ನಮ್ಮ ಕರ್ನಾಟಕದ ಹಳ್ಳಿಗಳಲ್ಲೇ ನಡೆದಿದೆ. ಕಾರ್ಯ ಎಂಬ ಬೆಂಗಳೂರಿನ ಸಂಸ್ಥೆ ಹಳ್ಳಿಯ ಜನಕ್ಕೆ ಫೋನಿನಲ್ಲಿ ಕನ್ನಡ ವಾಕ್ಯ ಓದಿಸಿ ಧ್ವನಿ ಸಂಗ್ರಹಿಸುತ್ತದೆ. 2023ರಲ್ಲಿ ಕ್ಷಯರೋಗದ ಬಗ್ಗೆ ಜನರ ಪ್ರಶ್ನೆಗೆ ಉತ್ತರಿಸುವ ಯಂತ್ರಕ್ಕಾಗಿ ನಮ್ಮ ಹಳ್ಳಿಯವರು ಹೀಗೆ ಓದಿಕೊಟ್ಟರು. ಗಂಟೆಗೆ ಸುಮಾರು 5 ಡಾಲರ್ ಕೂಲಿ. ಆ ಧ್ವನಿಯನ್ನು ಮತ್ತೊಬ್ಬ ಕಂಪನಿಗೆ ಮಾರಿದರೆ ಮತ್ತೆ ಓದಿದವರಿಗೇ ದುಡ್ಡು. ಶಾಲೆ ಬಿಟ್ಟ ಹೆಣ್ಣುಮಗಳಿಗೆ ತನ್ನ ಕನ್ನಡದಿಂದಲೇ ಆದಾಯ! ಕೆಲಸ ಕೆಲವೇ ದಿನದ್ದು, ಅದರಲ್ಲೇ ಸಂಸಾರ ನಡೆಯುವುದಿಲ್ಲ, ಸರಿ. ಆದರೆ ಲೆಕ್ಕಾಚಾರ ಸರಿಯಾಗಿದೆ. ತೆಗೆದ ಚಿನ್ನಕ್ಕೆ ನೆಲದವರಿಗೆ ಪಾಲು. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನವರು ಗೂಗಲ್ ಹಣದಿಂದ 'ವಾಣಿ' ಅಂತ ಯೋಜನೆ ಮಾಡುತ್ತಿದ್ದಾರೆ. ದೇಶದ 773 ಜಿಲ್ಲೆಗಳ ಮಾತು ಸಂಗ್ರಹಿಸಿ ಎಲ್ಲರಿಗೂ ಮುಕ್ತವಾಗಿ ಇಡುವ ಗುರಿ. ಕೇಂದ್ರದವರು 2024ರ ಮಾರ್ಚಿನಲ್ಲಿ ಎಐ ಮಿಷನ್ನಿಗೆ 10,372 ಕೋಟಿ ಎತ್ತಿಟ್ಟರು. ದುಡ್ಡಿದೆ ಗೆಳೆಯರೇ, ಇಲ್ಲದಿರುವುದು ಕೇಳುವ ಬಾಯಿ. ಡೇಟಾ ಸೆಂಟರಿಗೆ ರಿಯಾಯಿತಿ ದರದಲ್ಲಿ ಜಮೀನು, ಕರೆಂಟು ಕೊಡುವಾಗ ನಮ್ಮ ಸರ್ಕಾರ ಒಂದು ಷರತ್ತು ಹಾಕಲಿ: ಬೀದರಿನಿಂದ ಚಾಮರಾಜನಗರದವರೆಗೆ ಕನ್ನಡದ ಮಾತು, ಬರಹ ಸಂಗ್ರಹಿಸಲು ಇಷ್ಟು ಹಣ, ಕೊಟ್ಟವರಿಗೆ ಇಷ್ಟು ಕೂಲಿ, ಮರುಮಾರಾಟದಲ್ಲಿ ಇಷ್ಟು ಪಾಲು. ನೂರು ವರ್ಷದ ಹಿಂದೆ ಬ್ರಿಟಿಷ್ ಕಂಪನಿಯಿಂದ ವಸೂಲಿ ಮಾಡಿದ ನಾಡಿಗೆ ಈಗ ಕೇಳಲು ಸಂಕೋಚವೇ?

ಇಷ್ಟು ಹೊತ್ತು ಬೇರೆಯವರ ಕಡೆ ಬೆರಳು ತೋರಿಸಿದೆ. ಈಗ ನನ್ನ ಕಡೆ.

ಕನ್ನಡದ ಬರಹ ಅಂತರ್ಜಾಲದಲ್ಲಿ ಕಡಿಮೆ. ಆದರೆ ಕನ್ನಡದಲ್ಲಿ ಬರೆದದ್ದೇ ಕಡಿಮೆಯಾ? ಅಲ್ಲ. ಡಿಟಿಪಿ ಬಂದಾಗಿನಿಂದ ಅಚ್ಚಾದ ಪುಸ್ತಕ, ಸ್ಮರಣ ಸಂಚಿಕೆ, ಊರಿನ ಚರಿತ್ರೆ, ಕೃಷಿ ಕೈಪಿಡಿ ಎಲ್ಲಾ ನಮ್ಮಂಥ ಪ್ರೆಸ್ಸುಗಳ ಹಾರ್ಡ್ ಡಿಸ್ಕಿನಲ್ಲಿ, ಸಿಡಿಯಲ್ಲಿ ಕೂತಿವೆ. ಕೂತಿರುವುದು ಹೇಗೆ? ಹಳೇ ಫಾಂಟಿನ ಗುಟ್ಟಿನ ಭಾಷೆಯಲ್ಲಿ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ನಾವು ಮಾತ್ರ ಇಪ್ಪತ್ತು ವರ್ಷ ಹಳೇ ನುಡಿ, ಶ್ರೀಲಿಪಿ ಅಂತಲೇ ಕೆಲಸ ಮಾಡಿದೆವು. ಪೇಜ್‌ಮೇಕರಿಗೆ ಅದೇ ಹೊಂದುತ್ತಿತ್ತು, ನಮ್ಮ ತಪ್ಪೂ ಪೂರ್ತಿ ಅಲ್ಲ. ಆದರೆ ಫಾಂಟ್ ತೆಗೆದು ಆ ಫೈಲು ನೋಡಿ. ಹಳೇ ನುಡಿಯಲ್ಲಿ 'ಕನ್ನಡ' ಅಂತ ಒತ್ತಿದ್ದು ಹೇಗೆ ಉಳಿದಿರುತ್ತದೆ ಗೊತ್ತಾ? ಮೊದಲು ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆ ಮೇಲೆ ಗೀಟಿರುವ ಎ, ಆಮೇಲೆ 'ನ' ಇರಬೇಕಾದ ಕಡೆ ಬ್ರಿಟಿಷರ ಪೌಂಡ್ ಗುರುತು! ಕನ್ನಡದ ಹೊಟ್ಟೆಯೊಳಗೆ ಪೌಂಡು. ಕೋಲಾರ ನೆನಪಾಗುವುದಿಲ್ಲವೇ? ಯಂತ್ರಕ್ಕೆ ಇದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ. ಕಸ ಅಂತ ಬಿಟ್ಟು ಹೋಗುತ್ತದೆ.

2009ರಲ್ಲಿ ನಾನು ಮೂರು ಹಳೇ ಕಂಪ್ಯೂಟರುಗಳನ್ನು ಗುಜರಿಗೆ ಕೊಟ್ಟೆ. ಡಿಸ್ಕ್ ಸಮೇತ. ಅದರಲ್ಲೊಂದರಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಪುಸ್ತಕ ಇತ್ತು. ಅವರು ತಮ್ಮ ಸೀಮೆಯ ರೈತರ ಮಾತು ಸಂಗ್ರಹಿಸಿದ್ದರು. ನೇಗಿಲಿನ ಭಾಗಗಳ ಹೆಸರು, ಮಳೆಯ ಹೆಸರು, ಎತ್ತಿನ ಬಣ್ಣಗಳ ಹೆಸರು, ರಾಗಿ ಬೆಳೆಯ ಒಂದೊಂದು ಹಂತದ ಹೆಸರು. ಸ್ವಂತ ದುಡ್ಡಿನಲ್ಲಿ 500 ಪ್ರತಿ ಹಾಕಿಸಿದ್ದರು. ಹೋದ ವರ್ಷ ಭಾಷಾ ತಂತ್ರಜ್ಞಾನದ ಕೆಲಸ ಮಾಡುವ ಇಬ್ಬರು ಹುಡುಗರು ನನ್ನ ಪ್ರೆಸ್ಸಿಗೆ ಬಂದು, ಸಾರ್, ರೈತರ ಪದಗಳಿರುವ ಪುಸ್ತಕ ಯಾವುದಾದರೂ ನಿಮ್ಮಲ್ಲಿದೆಯಾ, ಹಣ ಕೊಡುತ್ತೇವೆ ಅಂದರು. ಬೀರು ತೆಗೆದೆ. ಹನ್ನೊಂದು ಡಿಸ್ಕ್ ಸಿಕ್ಕಿತು, ತಿರುಗಿದ್ದು ನಾಲ್ಕು. ಮೇಷ್ಟ್ರ ಪುಸ್ತಕ ಯಾವುದರಲ್ಲೂ ಇಲ್ಲ. ಮೇಷ್ಟ್ರೂ ಇಲ್ಲ. ಅವರ ಮನೆಯವರು ಊರು ಬಿಟ್ಟಿದ್ದಾರೆ. ಸೀಸವನ್ನಾದರೂ ಕೆಜಿ ಲೆಕ್ಕದಲ್ಲಿ ಮಾರಿ ದುಡ್ಡು ಎಣಿಸಿಕೊಂಡಿದ್ದೆವು. ಇದನ್ನು ಗುಜರಿಯವನು ತೆಗೆದುಕೊಂಡು ಹೋಗಿದ್ದೇ ಉಪಕಾರ ಅಂತ ನಾನೇ ಟೀ ಕುಡಿಸಿ ಕಳಿಸಿದ್ದೆ.

ಉಳಿದ ನಾಲ್ಕು ಡಿಸ್ಕಿನಲ್ಲಿ 63 ಪುಸ್ತಕ ಸಿಕ್ಕಿವೆ. ಹಳೇ ಫಾಂಟಿನಿಂದ ಯೂನಿಕೋಡಿಗೆ ಬದಲಾಯಿಸುವ ತಂತ್ರಾಂಶಗಳು ಬಿಟ್ಟಿಯಾಗಿ ಸಿಗುತ್ತವೆ. ಆದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತದೆ. ಮನುಷ್ಯ ಕೂತು ಓದಿ ತಿದ್ದಬೇಕು. ಇನ್ನೊಂದು ಮಾತು. ಫೈಲು ನನ್ನ ಬಳಿ ಇರಬಹುದು, ಬರಹ ನನ್ನದಲ್ಲ, ಬರೆದವರದು. ಯಾವ ಕಂಪನಿಗೂ ಕೊಡುವ ಮೊದಲು ಅವರನ್ನೋ ಅವರ ಮಕ್ಕಳನ್ನೋ ಕೇಳಬೇಕು, ಬಂದ ಹಣ ಅವರಿಗೆ ತಲುಪಬೇಕು. ಆ 63ರಲ್ಲಿ 22 ಜನರನ್ನು ಹುಡುಕಿ ಮಾತಾಡಿಸಿದ್ದೇನೆ. ಇಬ್ಬರು ಬೇಡ ಅಂದರು. ಅವರ ಫೈಲು ಹಾಗೇ ಇಟ್ಟಿದ್ದೇನೆ.

ಭಾನುವಾರ ನನ್ನ ಮಿಷನ್ನಿಗೆ ರಜ. ಹತ್ತು ಗಂಟೆಗೆ ಶಟರ್ ತೆಗೆದಿಡುತ್ತೇನೆ, ಎರಡು ಕಂಪ್ಯೂಟರ್ ಖಾಲಿ ಇರುತ್ತವೆ. ಕನ್ನಡ ತಪ್ಪಿಲ್ಲದೆ ಓದಬಲ್ಲವರು ಒಬ್ಬೊಬ್ಬರು ಒಂದೊಂದು ಪುಸ್ತಕ ಹಿಡಿಯಿರಿ. ಬರುವಾಗ ನಿಮ್ಮ ಏರಿಯಾದ ಡಿಟಿಪಿ ಅಂಗಡಿಯವರನ್ನು ಕೇಳಿ ಹಳೇ ಸಿಡಿ, ಫ್ಲಾಪಿ ಏನಿದ್ದರೂ ತನ್ನಿ. ಯಾರ ಮನೆಯಲ್ಲಾದರೂ ಹಳೇ ಐಡಿಇ ಕೇಬಲ್ ಬಿದ್ದಿದ್ದರೆ ಅದನ್ನೂ. ನನ್ನದು ಹೋದ ವಾರ ಸುಟ್ಟು ಹೋಯಿತು.